ಮಠ, ಗುಡಿ, ಚರ್ಚುಗಳಲ್ಲಿ ಕೌನ್ಸೆಲಿಂಗಿಗೂ ಒಂದು ಕೋಣೆ ಇರಲಿ

ಸಂಪಾದಕರಿಗೆ,
ನಮಸ್ಕಾರ.

ನಮ್ಮ ಮನೆಯವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಪ್ರಿಂಟ್ ಮಾಡುವ ಸಣ್ಣ ಪ್ರೆಸ್ಸು. 2020ರ ಲಾಕ್‌ಡೌನಿನಲ್ಲಿ ಆರ್ಡರ್ ಪೂರ್ತಿ ನಿಂತಿತು. ಆಮೇಲೆ ಮದುವೆಗಳು ಶುರುವಾದರೂ ಐನೂರು ಕಾರ್ಡ್ ಹಾಕಿಸುತ್ತಿದ್ದವರು ನೂರಕ್ಕೆ ಇಳಿದರು. ಉಳಿದ ನೆಂಟರಿಗೆಲ್ಲ ವಾಟ್ಸ್‌ಆ್ಯಪ್. ಸಾಲ ಬೆಳೆಯಿತು, ಇವರು ಮಾತು ಬಿಟ್ಟರು. ಕುಡಿತವಿಲ್ಲ, ಹೊಡೆತವಿಲ್ಲ, ಸುಮ್ನೆ ಗೋಡೆ ನೋಡುತ್ತಾ ಕೂರುತ್ತಿದ್ದರು. ಅದಕ್ಕೂ ಸೇರಿಸಿ ನಾನು ಕೂಗಾಡುತ್ತಿದ್ದೆ. ಒಂಬತ್ತನೇ ಕ್ಲಾಸಿನ ಮಗಳು ತಟ್ಟೆ ಎತ್ತಿಕೊಂಡು ಟೆರೇಸಿಗೆ ಹೋಗಿ ಒಬ್ಬಳೇ ಊಟ ಮಾಡಲು ಶುರು ಮಾಡಿದಳು. ಅದನ್ನು ನೋಡಿದ ದಿನ ನನಗೆ ನಿಜವಾಗಿ ಭಯವಾಯಿತು.

ಒಂದು ಖಾಸಗಿ ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಸಲಕ್ಕೆ ಎರಡು ಸಾವಿರ, ಕಡಿಮೆ ಅಂದ್ರೂ ಎಂಟು ಸಲ ಬರಬೇಕು ಎಂದರು. ಬಡ್ಡಿ ಕಟ್ಟಲು ಪರದಾಡುವ ಮನೆ ನಮ್ಮದು. ಹದಿನಾರು ಸಾವಿರ ಎಲ್ಲಿಂದ ತರೋದು?

ಮೇಲಿನ ಮನೆಯ ಬಾಡಿಗೆಯವರು ತಮ್ಮ ಚರ್ಚಿನ ಕಡೆಯವರು ನಡೆಸುವ ಒಂದು ಕೌನ್ಸೆಲಿಂಗ್ ಸೆಂಟರಿನ ವಿಷಯ ಹೇಳಿದರು. ಅಲ್ಲಿ ಮನೆಯ ಆದಾಯ ಕೇಳಿ ಫೀಸು ಗೊತ್ತು ಮಾಡುತ್ತಾರೆ. ನಮಗೆ ಸಲಕ್ಕೆ ನೂರೈವತ್ತು ಎಂದಾಯಿತು. ಒಂದು ತಿಂಗಳು ಅದೂ ಕೈಯಲ್ಲಿರಲಿಲ್ಲ. ‘ಆದಾಗ ಕೊಡಿ, ಬರೋದು ಮಾತ್ರ ನಿಲ್ಲಿಸಬೇಡಿ’ ಎಂದರು. ಅಲ್ಲಿಗೆ ಹೋದರೆ ಜಾತಿ ಬಿಡಿಸುತ್ತಾರೆ ಎಂದು ನಮ್ಮತ್ತೆ ಹೆದರಿದ್ದರು. ನಾವು ಹೋದ ಮೂರು ತಿಂಗಳಲ್ಲಿ ಒಬ್ಬರೂ ದೇವರ ಮಾತೆತ್ತಲಿಲ್ಲ. ಗೋಡೆ ಮೇಲೆ ಒಂದು ಶಿಲುಬೆ, ನಮ್ಮ ಮನೆಯವರ ಹಣೆ ಮೇಲೆ ವಿಭೂತಿ. ಎರಡೂ ಅದರ ಪಾಡಿಗೆ ಅದಿತ್ತು.

ಮೊದಲ ದಿನ ಅಲ್ಲಿನ ಕೌನ್ಸೆಲರ್ ಮೇಡಂ ಟೇಬಲ್ ಮೇಲೆ ಅಡುಗೆಮನೆಯಲ್ಲಿ ಇಡುವಂಥ ಟೈಮರ್ ಇಟ್ಟರು. ಒಬ್ಬೊಬ್ಬರಿಗೆ ಐದು ನಿಮಿಷ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವ ಹಾಗಿಲ್ಲ. ನನ್ನ ಐದು ನಿಮಿಷ ನನಗೆ ಸಾಕಾಗಲಿಲ್ಲ. ಇವರ ಸರದಿ ಬಂದಾಗ ಸುಮ್ಮನೆ ಕೂತರು. ನಾನು ಎರಡು ಸಲ ಬಾಯಿ ತೆರೆದೆ, ಮೇಡಂ ಕೈಸನ್ನೆಯಲ್ಲೇ ತಡೆದರು. ‘ಮಾತಾಡದಿದ್ರೂ ಪರವಾಗಿಲ್ಲ, ಈ ಐದು ನಿಮಿಷ ನಿಮ್ಮದೇ’ ಎಂದು ಅವರಿಗೆ ಹೇಳಿದರು. ಟೈಮರ್ ಇನ್ನೇನು ಹೊಡೆದುಕೊಳ್ಳಬೇಕು, ಆಗ ಇವರು ನೆಲ ನೋಡುತ್ತಾ ಹೇಳಿದರು: ‘ನಾಲ್ಕು ಲಕ್ಷದ ಹತ್ತು ಸಾವಿರ. ಮಗಳ ಓಲೇನೂ ಅಡ ಇಟ್ಟಿದೀನಿ.’ ಒಂದೂವರೆ ವರ್ಷದಿಂದ ನನಗೆ ಹೇಳಲಾಗದೆ ನುಂಗಿಕೊಂಡಿದ್ದ ಮಾತು ಅದು.

ಇವರಿಗೆ ರಾತ್ರಿ ನಿದ್ದೆಯೇ ಬರುತ್ತಿಲ್ಲ ಎಂದು ಗೊತ್ತಾದಾಗ ಮೇಡಂ ಪ್ರಾರ್ಥನೆ ಮಾಡಿ ಎನ್ನಲಿಲ್ಲ. ನಿಮ್ಹಾನ್ಸಿಗೆ ಚೀಟಿ ಬರೆದುಕೊಟ್ಟರು. ಅದಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿ. ಸಾಲ ಇನ್ನೂ ತೀರಿಲ್ಲ. ಮಗಳು ಈಗ ನಮ್ಮ ಜೊತೆ ಕೂತು ಊಟ ಮಾಡುತ್ತಾಳೆ.

ಬೆಂಗಳೂರಿನಲ್ಲಿ ಸಹಾಯವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಮನಸ್ಸಿನ ತೊಂದರೆಗೆಂದು 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರದ ಸಹಾಯವಾಣಿ ಟೆಲಿ-ಮನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಕನ್ನಡದಲ್ಲೇ ಮಾತಾಡಬಹುದು, ದಯವಿಟ್ಟು ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಗಂಡ ಹೆಂಡತಿ ಎದುರುಬದುರು ಕೂತು ಮಾತಾಡುವ ಕೆಲಸ ಫೋನಿನಲ್ಲಿ ಆಗುವುದು ಕಷ್ಟ. ಕೌಟುಂಬಿಕ ನ್ಯಾಯಾಲಯದಲ್ಲೂ ರಾಜಿ ಮಾಡಿಸಲು ನೋಡುತ್ತಾರೆ, 1984ರ ಕಾಯ್ದೆಯೇ ಹಾಗೆ ಹೇಳುತ್ತದೆ. ಅಷ್ಟು ಹೊತ್ತಿಗೆ ಕೇಸು ಬಿದ್ದು ಎರಡೂ ಮನೆಯವರು ಹಟಕ್ಕೆ ಬಿದ್ದಿರುತ್ತಾರೆ, ಅಲ್ವಾ? ನಿಮ್ಹಾನ್ಸ್ ಮಾಡಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮಾನಸಿಕ ತೊಂದರೆ ಇರುವವರಲ್ಲಿ ಶೇ 80ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ದುಡ್ಡು ಒಂದು ಕಾರಣ. ‘ಹುಚ್ಚು ಅಂತಾರೆ’ ಎನ್ನುವ ಭಯ ಇನ್ನೊಂದು. ಗುಡಿಗೋ ಚರ್ಚಿಗೋ ಮಸೀದಿಗೋ ಹೋಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ.

ನಮ್ಮ ಮಠಗಳು ಲಕ್ಷಾಂತರ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟಿವೆ. ದೊಡ್ಡ ದೇವಸ್ಥಾನಗಳಲ್ಲಿ ಸಮುದಾಯ ಭವನಗಳಿವೆ, ಮದುವೆ ಇಲ್ಲದ ದಿನ ಖಾಲಿ ಬಿದ್ದಿರುತ್ತವೆ. ಅದರಲ್ಲಿ ಒಂದು ಕೋಣೆ, ವಾರಕ್ಕೆ ಎರಡು ಸಂಜೆ ಮತ್ತು ಭಾನುವಾರ, ಇದಕ್ಕೆ ಕೊಡಲಿ. ಸಂಜೆ ಯಾಕೆಂದರೆ ಗಾರ್ಮೆಂಟ್ಸಿಗೆ ಹೋಗುವವರು, ಆಟೊ ಓಡಿಸುವವರು ಹಗಲು ಬಂದರೆ ಆ ದಿನದ ದುಡಿಮೆ ಹೋಗುತ್ತದೆ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಕೌನ್ಸೆಲಿಂಗ್ ಮಾಡಲು ಕೂರುವವರು ಓದಿ ತರಬೇತಿ ಪಡೆದವರಾಗಿರಬೇಕು. ಮನೆಯ ಗುಟ್ಟು ಕೋಣೆಯಿಂದ ಹೊರಗೆ ಬರಬಾರದು, ಪೂಜಾರಿಗೂ ಇಲ್ಲ, ಪಾದ್ರಿಗೂ ಇಲ್ಲ. ಹೊಡೆತ ತಿಂದು ಬಂದ ಹೆಣ್ಣಿಗೆ ‘ಹೊಂದಿಕೊಂಡು ಹೋಗಮ್ಮ’ ಎಂದು ಕಳಿಸುವಂತಿಲ್ಲ. ಅವಳಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ ಎಂದು ಹೇಳಿ, ದಾರಿ ತೋರಿಸಬೇಕು. ಈ ಮೂರೂ ಆಗದಿದ್ದರೆ ಕೋಣೆ ತೆರೆಯದೇ ಇರುವುದೇ ವಾಸಿ.

ನಿಮ್ಮಲ್ಲೂ ಒಂದು ಕೋರಿಕೆ. ನಗರದ ಕಾರ್ಯಕ್ರಮಗಳ ಪಟ್ಟಿಯಲ್ಲಿ ಪ್ರವಚನ, ರಥೋತ್ಸವಗಳ ಜೊತೆಗೆ, ಕಡಿಮೆ ಫೀಸಿನಲ್ಲಿ ಕೌನ್ಸೆಲಿಂಗ್ ಎಲ್ಲೆಲ್ಲಿ ಸಿಗುತ್ತದೆ, ಯಾವ ಹೊತ್ತಿಗೆ ಎಂಬುದನ್ನೂ ವಾರಕ್ಕೊಮ್ಮೆ ಹಾಕಿ. ಆ ಬಾಡಿಗೆಯವರು ಮೇಲಿನ ಮನೆಗೆ ಬಂದಿರದಿದ್ದರೆ ನನಗೆ ಆ ಸೆಂಟರ್ ಇರುವುದೇ ಗೊತ್ತಾಗುತ್ತಿರಲಿಲ್ಲ.

ಇಂತಿ,
ನಿಮ್ಮ ಪತ್ರಿಕೆಯ ಓದುಗಳು,
ಶ್ರೀನಗರ, ಬೆಂಗಳೂರು