ಶಾಲೆಯ ಸಂಚಿಕೆ ತರುವ ತಂಗಿಗೆ

ಮಾಟುಂಗ, ಮುಂಬಯಿ

ಪ್ರೀತಿಯ ತಂಗಿ,

ಶಾಲೆಯ ವಾರ್ಷಿಕ ಸಂಚಿಕೆಯನ್ನು ನಿನ್ನ ತಲೆಗೆ ಕಟ್ಟಿದ್ದಾರೆ, ಕತೆ ಬರೆಯೋಕೆ ಪುರುಸೊತ್ತಿಲ್ಲ ಅಂತ ಬರೆದಿದ್ದೀಯ. ಗೊಣಗಬೇಡ. ನಮ್ಮ ಕತೆಗಳು ಬಂದ ಪತ್ರಿಕೆ ತಿಂಗಳಲ್ಲಿ ರದ್ದಿಗೆ ಹೋಗುತ್ತದೆ. ಶಾಲೆಯ ಸಂಚಿಕೆಯನ್ನು ಜನ ಅಷ್ಟು ಸುಲಭಕ್ಕೆ ಬಿಸಾಡುವುದಿಲ್ಲ. ಅದರಲ್ಲಿ ಮಗುವಿನ ಹೆಸರಿದೆ, ಮುಖ ಇದೆ. ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ಅದನ್ನೇ. ಶುಭಸಂದೇಶಗಳನ್ನಲ್ಲ. ಅವನ್ನೆಲ್ಲ ಎರಡೇ ಪುಟದಲ್ಲಿ ಮುಗಿಸು. ಆಡಳಿತ ಮಂಡಳಿಯವರು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ.

ಪ್ರೆಸ್ಸಿನವರ ಮಾತು ಅರ್ಥವಾಗಲಿಲ್ಲ ಅಂದೆಯಲ್ಲ, ಮೊದಲು ಅದು. 'ಎಷ್ಟು ಫಾರಂ?' ಅಂತ ಕೇಳುತ್ತಾರೆ. ಪ್ರೆಸ್ಸಿನಲ್ಲಿ ಪುಟಗಳು ಒಂದೊಂದಾಗಿ ಅಚ್ಚಾಗುವುದಿಲ್ಲ. ದೊಡ್ಡ ಹಾಳೆಯ ಎರಡೂ ಬದಿಗೆ ಹಲವು ಪುಟ ಒಟ್ಟಿಗೆ ಅಚ್ಚು ಹಾಕಿ ಮಡಚುತ್ತಾರೆ. ಆ ಒಂದು ಮಡಿಕೆಯೇ ಫಾರಂ. ಅಳತೆಗೆ ತಕ್ಕಂತೆ 8 ಪುಟ, ಇಲ್ಲವೇ 16. ನಿನ್ನ ಲೆಕ್ಕ 50ಕ್ಕೆ ನಿಂತಿದ್ದರೆ 48ಕ್ಕೆ ಇಳಿಸು. ಎರಡು ಪುಟಕ್ಕೋಸ್ಕರ ಇನ್ನೊಂದು ಹಾಳೆ, ಅಚ್ಚು ಹಾಕೋಕೆ ಇನ್ನೊಂದು ಪ್ಲೇಟು ಸುಮ್ನೆ ಯಾಕೆ? ನಡುಮಡಿಕೆಗೆ ಪಿನ್ನು, ಅಂದರೆ ಸೆಂಟರ್ ಪಿನ್, ಹೊಡೆಸುವುದಾದರೂ ಪುಟಗಳು 4ರ ಲೆಕ್ಕದಲ್ಲೇ ಇರಬೇಕು. ದಪ್ಪ ಸಂಚಿಕೆಗೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್ ಚೆಂದ. ಬೆನ್ನ ಮೇಲೆ ಶಾಲೆಯ ಹೆಸರು, ವರ್ಷ ಹಾಕಬಹುದು.

ಮೊದಲ ದಿನವೇ ಯಾವ ಪುಟದಲ್ಲಿ ಏನು ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸು. ಅಮೆರಿಕದ ಶಾಲೆಗಳಲ್ಲಿ ಇಯರ್‌ಬುಕ್ ಮಾಡುವ ಮಕ್ಕಳು ಇದನ್ನು ಲ್ಯಾಡರ್ ಅನ್ನುತ್ತಾರೆ. ಹೋಟೆಲಿನವರ ಜಾಹೀರಾತುಗಳಿಗೆ ಜಾಗ ಅಲ್ಲೇ ಗುರುತು ಮಾಡು. ಇಲ್ಲದಿದ್ದರೆ ಕೊನೆಗೆ ಅವು ಮಕ್ಕಳ ಪದ್ಯಗಳನ್ನು ತಳ್ಳಿ ಒಳಗೆ ಬರುತ್ತವೆ. ಆಮೇಲೆ ಬಿಳಿ ಹಾಳೆ ಮಡಚಿ ಸಂಚಿಕೆಯ ಒಂದು ಡಮ್ಮಿ, ಅಂದರೆ ಮಾದರಿ ಪ್ರತಿ, ಮಾಡು. ಎದುರುಬದುರು ಬರುವ ಎರಡು ಪುಟ ಸೇರಿ ಒಂದು ಸ್ಪ್ರೆಡ್. ನೋಡುವವರ ಕಣ್ಣಿಗೆ ಅದು ಒಂದೇ ಚಿತ್ರ. ನಡುವೆ ಹೊಲಿಗೆಯ ಕಡೆ ಇಳಿಯುವ ಜಾಗ ಗಟರ್. ತರಗತಿಯ ಗುಂಪು ಫೋಟೋವನ್ನು ಸ್ಪ್ರೆಡ್ ಪೂರ್ತಿ ಹರಡಿದರೆ ನೋಡೋಕೆ ಭರ್ಜರಿ. ಆದರೆ ನಡುವೆ ನಿಂತ ಮಗುವಿನ ಮೂಗು ಗಟರಿನೊಳಗೆ ಹೋಗಿರುತ್ತದೆ! ಆ ಮಗುವಿನ ಅಮ್ಮನಿಗೆ ಏನು ಹೇಳುತ್ತೀಯ?

ಅಂಚಿನವರೆಗೆ ಹೋಗುವ ಚಿತ್ರವನ್ನು ಕತ್ತರಿಸುವ ಗೆರೆ ದಾಟಿಸಿ 3 ಮಿ.ಮೀ. ಜಾಸ್ತಿ ಇಡು. ಅದು ಬ್ಲೀಡ್. ಇಲ್ಲದಿದ್ದರೆ ಕಟಿಂಗ್ ಒಂದು ಕೂದಲೆಳೆ ಆಚೀಚೆಯಾದರೂ ಬಿಳಿ ಗೆರೆ ಕಾಣುತ್ತದೆ. ಫೋಟೋಗಳನ್ನು ವಾಟ್ಸಾಪಿನಲ್ಲಿ ತರಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸೋಕೆ ಹೇಳು, ಇಲ್ಲದಿದ್ದರೆ ಫೋಟೋ ಕುಗ್ಗಿ ಬರುತ್ತದೆ. 1,200 ಪಿಕ್ಸೆಲ್ ಅಗಲದ ಫೋಟೋ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿಯ ಲೆಕ್ಕದಲ್ಲಿ 4 ಇಂಚಿಗೆ ಮಾತ್ರ ಸಾಕು.

ಇನ್ನು ಕನ್ನಡದ ಕತೆ. ಮುಂಬಯಿಯಲ್ಲಿ ನಮಗೆ ಸಿಗುವ ಡಿಟಿಪಿಯವರು, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವವರು, ಮರಾಠಿ, ಹಿಂದಿ ಬಲ್ಲವರು. ಕೆಲಸ ಚುರುಕು, ಆದರೆ ಕನ್ನಡ ಅವರಿಗೆ ಬರೀ ಆಕಾರ. ಒತ್ತಕ್ಷರ ಕಳಚಿ ಪಕ್ಕಕ್ಕೆ ಕೂತರೂ ಅವರಿಗೆ ಕಾಣುವುದಿಲ್ಲ. ಮಕ್ಕಳ ಬರಹ ಒಬ್ಬರು 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಇನ್ನೊಬ್ಬರು ಎಲ್ಲ ಕಂಪ್ಯೂಟರಿಗೂ ಹೊಂದುವ ಯೂನಿಕೋಡ್‌ನಲ್ಲಿ ಕೊಟ್ಟಿರುತ್ತಾರೆ. ಎಲ್ಲವನ್ನೂ ಯೂನಿಕೋಡಿಗೆ ತಂದುಕೊಂಡು ಆಮೇಲೆ ಕೊಡು. ಹಾಗೆ ಬದಲಿಸುವಾಗ ಪೆಟ್ಟು ತಿನ್ನುವುದು ಅರ್ಕಾವತ್ತು, ಅಕ್ಷರದ ಪಕ್ಕ ಕೂರುವ 'ರ್' ಗುರುತು. 'ಕಾರ್ಯಕ್ರಮ', 'ವಾರ್ಷಿಕ', 'ಕೀರ್ತಿ' ಇಂಥವನ್ನು ಹುಡುಕಿ ಹುಡುಕಿ ನೋಡು. ಪುಟ ಜೋಡಿಸುವ ಇನ್‌ಡಿಸೈನ್ ತಂತ್ರಾಂಶದಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಹಾಕದಿದ್ದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ನಮ್ಮ ಅಕ್ಷರ ಸಾಲಿನ ಕೆಳಗೂ ಇಳಿಯುತ್ತದೆ ಅಲ್ವಾ, ಅದಕ್ಕೆ ಸಾಲುಗಳ ನಡುವಿನ ಜಾಗ, ಅಂದರೆ ಲೀಡಿಂಗ್, ಇಂಗ್ಲಿಷಿಗಿಂತ ಜಾಸ್ತಿ ಬೇಕು. ಬಣ್ಣದ ಮೇಲೆ ಸಣ್ಣ ಬಿಳಿ ಕನ್ನಡ ಅಕ್ಷರ ಬೇಡ. ಬಣ್ಣದ ಅಚ್ಚಿಗೆ ಬಳಸುವ ನಾಲ್ಕು ಶಾಯಿ ಒಂದರ ಮೇಲೊಂದು ಸರಿಯಾಗಿ ಕೂರದಿದ್ದರೆ ಒತ್ತುಗಳು ಮುಚ್ಚಿಹೋಗುತ್ತವೆ.

ಹೆಸರಿನ ವಿಷಯ ಇನ್ನೂ ನಾಜೂಕು. ಆಫೀಸಿನ ಇಂಗ್ಲಿಷ್ ಪಟ್ಟಿಯಿಂದ ಹೆಸರುಗಳನ್ನು ಕನ್ನಡಕ್ಕೆ ಇಳಿಸಬೇಡ. ಅದರಲ್ಲಿ ಲ-ಳ, ನ-ಣ ಒಂದೇ. ಹ್ರಸ್ವ ದೀರ್ಘವೂ ಗೊತ್ತಾಗುವುದಿಲ್ಲ. ಪ್ರತಿ ತರಗತಿಗೂ ಒಂದು ಹಾಳೆ ಕೊಟ್ಟು ಮಕ್ಕಳ ಕೈಯಲ್ಲೇ ಬರೆಸು. ಅದೇ ಹಾಳೆಯಲ್ಲಿ ಯಾರ ಫೋಟೋ ಎಷ್ಟು ಸಲ ಬಂತು ಅಂತ ಗೀಟು ಹಾಕುತ್ತಾ ಹೋಗು. ನಾಟಕದ ನಾಯಕ ಪುಟ ಪುಟದಲ್ಲೂ ಇರುತ್ತಾನೆ. ಪರದೆ ಎಳೆದ ಹುಡುಗಿ ಎಲ್ಲೂ ಇರುವುದಿಲ್ಲ. ಕೊನೆಯಲ್ಲಿ ಹೆಸರುಗಳ ಸೂಚಿ ಕೊಟ್ಟರಂತೂ ನಿನ್ನನ್ನು ತಲೆ ಮೇಲೆ ಹೊತ್ತು ಮೆರೆಸುತ್ತಾರೆ.

ನೀನು ಬರಹಗಾರ್ತಿ ಅಂತ ಗೊತ್ತಾಗಬೇಕಾದ ಜಾಗ ಅಡಿಬರಹ. ಸಂಪಾದಕೀಯ ಅಲ್ಲ, ಅದು ಅರ್ಧ ಪುಟ ಸಾಕು. 'ಕ್ರೀಡಾಕೂಟದಲ್ಲಿ ಮಕ್ಕಳು' ಅಂತ ಬರೆಯುವುದಾದರೆ ಬರೆಯದೇ ಇರು. ಅದು ಫೋಟೋದಲ್ಲೇ ಕಾಣುತ್ತದೆ. ಕಾಣದ್ದನ್ನು ಹೇಳು: 'ಅಂಗಳ ಸಾಲದೆ 100 ಮೀಟರ್ ಓಟವನ್ನು ಎರಡು ಸುತ್ತಾಗಿ ಓಡಿದ ಏಳನೇ ತರಗತಿಯವರು, ಮುಂದಿರುವವಳ ಎಡಗಾಲಿನ ಶೂ ಮೊದಲ ಸುತ್ತಿನಲ್ಲೇ ಕಳಚಿತ್ತು.' ಇದನ್ನು ಬರೆಯಬೇಕಾದರೆ ನೀನು ಅಲ್ಲಿ ಇರಬೇಕು, ಇಲ್ಲ ಆ ಹುಡುಗಿಯನ್ನು ಕೇಳಬೇಕು. ಗುಂಪು ಫೋಟೋಕ್ಕೆ ಮಾತ್ರ 'ಎಡದಿಂದ ಬಲಕ್ಕೆ' ಅನ್ನುವ ಹಳೆಯ ಕ್ರಮವೇ ಸರಿ. ತೆಗೆದ ದಿನವೇ ಹೆಸರು ಬರೆದಿಡು.

ಹತ್ತನೆಯವರ ಫೋಟೋವನ್ನು ಗ್ಯಾದರಿಂಗ್, ಅಂದರೆ ಶಾಲೆಯ ವಾರ್ಷಿಕೋತ್ಸವ, ಮುಗಿದ ವಾರವೇ ತೆಗೆಸು. ಬೋರ್ಡ್ ಪರೀಕ್ಷೆಗೆ ಅಂತ ರಜೆ ಹೋದರೆ ಮತ್ತೆ ಒಟ್ಟಿಗೆ ಸಿಗುವುದಿಲ್ಲ. ಕೊನೆಯ ಪ್ರೂಫ್ ಕಾಗದದ ಮೇಲೇ ಬೇಕು ಅಂತ ಹಟ ಹಿಡಿ. ಮೊಬೈಲಿನಲ್ಲಿ ನೋಡಿ ಓಕೆ ಅನ್ನಬೇಡ. ಕರಡು ತಿದ್ದಲು ಇನ್ನೊಂದು ಜೊತೆ ಕಣ್ಣು ಬೇಕಿದ್ದರೆ ಶನಿವಾರ ಮಧ್ಯಾಹ್ನ ಮನೆಗೆ ತಾ. ಹೆಸರಿನ ಹಾಳೆಗಳನ್ನು ಮರೆಯದೆ ಜೊತೆಗೆ ತಾ.

ನಿನ್ನ,
ಅಕ್ಕ