ಅಯೋವಾ ಅಜ್ಜಿಯ ತವರು

ಮರಿ,

ನಿನ್ನ ಪತ್ರವೂ ಫೋಟೋಗಳೂ ಬಂದು ನಾಲ್ಕು ದಿನ ಆಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡ, ಒಂದೊಂದು ಪುಟವನ್ನೂ ದೊಡ್ಡದು ಮಾಡಿಕೊಂಡು ಓದುತ್ತಾ ಕೂತಿದ್ದೆ. ಮಗಳು ಹುಟ್ಟಿದ ಮೇಲೆ ಅವಳ ಅಮ್ಮನ ಕಡೆಯ ಹಿರಿಯರನ್ನು ಹುಡುಕಬೇಕು ಅಂತ ನಿನಗೆ ಅನ್ನಿಸಿತಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಅದರಲ್ಲೂ ನೀನು ಶುರು ಮಾಡಿದ್ದು ಅಮೆರಿಕದ ಅಂತರ್ಯುದ್ಧಕ್ಕೆ, ಅಂದರೆ ಸಿವಿಲ್ ವಾರ್‌ಗೆ ಹೋದ ಅಜ್ಜನಿಂದ ಅಲ್ಲ. ಅವನು ವಾಪಸ್ ಬಾರದೆ ಇದ್ದಾಗ ಐದು ಮಕ್ಕಳನ್ನು ಸಾಕಿದ ಅಜ್ಜಿಯಿಂದ. ನಿಮ್ಮತ್ತೆ ಮನೆಯಲ್ಲಿ ಎಲ್ಲರೂ ಅವರನ್ನು 'ಅಯೋವಾ ಅಜ್ಜಿ' ಅನ್ನುತ್ತಾರಂತೆ. ನಾನೂ ಹಾಗೇ ಅನ್ನುತ್ತೇನೆ.

ನನ್ನ ಸೊಸೆಯ ಕಡೆಯವರಿಗೋಸ್ಕರ ನಾನು ಇದೇ ಕೆಲಸ ಆರು ವರ್ಷ ಮಾಡಿದ್ದೇನೆ. ಅದಕ್ಕೇ ನೇರವಾಗಿ ಹೇಳುತ್ತೇನೆ. ನಿನ್ನ ಪಟ್ಟಿಯಲ್ಲಿ ಅಜ್ಜಿಯ ಅಪ್ಪ ಅಮ್ಮನ ಹೆಸರು ಬರೆದಿದ್ದೀಯಲ್ಲ, ಅದನ್ನು ಅಳಿಸಿಬಿಡು. ಇಂಟರ್ನೆಟ್‌ನಲ್ಲಿ ಯಾರೋ ಹಾಕಿದ ವಂಶವೃಕ್ಷದಿಂದ ತೆಗೆದುಕೊಂಡೆ ಅಂತ ನೀನೇ ಬರೆದಿದ್ದೀಯ. ಅಲ್ಲಿ ಒಂದು ದಾಖಲೆಯನ್ನೂ ತೋರಿಸಿಲ್ಲ. ಹೆಸರು ಒಂದೇ, ವಯಸ್ಸು ಹತ್ತಿರ, ಹುಟ್ಟಿದ್ದು ಒಹಾಯೋ ರಾಜ್ಯ, ಅಷ್ಟೇ. 1850ರಲ್ಲಿ ಒಹಾಯೋದಲ್ಲಿ ಸುಮಾರು 20 ಲಕ್ಷ ಜನ ಇದ್ದರು. ಅದೇ ಹೆಸರಿನ, ಅದೇ ವಯಸ್ಸಿನ ಹುಡುಗಿಯರು ಎಷ್ಟು ಜನ ಇರಬಹುದು ಯೋಚಿಸು. ತವರಿನ ಜಾಗ ಖಾಲಿ ಇದ್ದರೆ ನಾಳೆ ಯಾರಾದರೂ ತುಂಬುತ್ತಾರೆ, ತಪ್ಪು ಹೆಸರು ಕೂತುಬಿಟ್ಟರೆ ಆಮೇಲೆ ಅಲ್ಲಿ ಹುಡುಕುವವರೇ ಇರುವುದಿಲ್ಲ.

ಈ ತಪ್ಪು ಯಾಕೆ ಇಷ್ಟು ಸುಲಭವಾಗಿ ಆಗುತ್ತದೆ ಅಂದರೆ, ಅಜ್ಜಿಯ ತವರಿನ ಹೆಸರು ಯಾವ ಸೆನ್ಸಸ್‌ನಲ್ಲೂ ಅವರ ಹೆಸರಿನ ಪಕ್ಕ ಬಂದಿರುವುದಿಲ್ಲ. ಅಮೆರಿಕದ ಸೆನ್ಸಸ್ 1790ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದೆ. ಆದರೆ 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ ಬರೆಯುತ್ತಿದ್ದರು, ಉಳಿದವರದ್ದು ಬರೀ ಲೆಕ್ಕ. ಮನೆಯಲ್ಲಿದ್ದ ಸ್ವತಂತ್ರ ಜನರ ಹೆಸರನ್ನೆಲ್ಲ ಬರೆದದ್ದು 1850ರಲ್ಲಿ. ಗುಲಾಮರ ಹೆಸರನ್ನು ಆಗಲೂ ಬರೆಯಲಿಲ್ಲ. ಅಯೋವಾ ಅಜ್ಜಿ ಹುಟ್ಟಿದ್ದು 1829ರ ಸುಮಾರಿಗೆ ಅಂತಾದರೆ, 1830ರಲ್ಲಿ ಅವರು ಅಪ್ಪನ ಹೆಸರಿನ ಮುಂದೆ ಐದು ವರ್ಷದೊಳಗಿನ ಹೆಣ್ಣುಮಕ್ಕಳ ಅಂಕಣದಲ್ಲಿ ಒಂದು ಅಂಕಿ. 1840ರಲ್ಲಿ ಹತ್ತರಿಂದ ಹದಿನೈದರ ಅಂಕಣದಲ್ಲಿ ಒಂದು ಅಂಕಿ. 1850ರಲ್ಲಿ ಮೊದಲ ಸಲ ಹೆಸರು ಬರುವ ಹೊತ್ತಿಗೆ ಮದುವೆಯಾಗಿದೆ, ಕಂಕುಳಲ್ಲಿ ಮಗು ಇದೆ, ಹೆಸರಿನ ಪಕ್ಕ ಗಂಡನ ಮನೆಯ ಹೆಸರು ಬಂದಿದೆ. ಇದನ್ನು ಮೊದಲ ಸಲ ಲೆಕ್ಕ ಹಾಕಿದಾಗ ನನಗೆ ನಮ್ಮ ಮನೆಯ ವಂಶಾವಳಿ ನೆನಪಾಯಿತು, ಅದರಲ್ಲಿ ನನ್ನ ಅಜ್ಜಿ, ಮುತ್ತಜ್ಜಿಯರು ಎಲ್ಲಿದ್ದಾರೆ ಹೇಳು?

ಆದ್ದರಿಂದ ಅಜ್ಜಿಯ ಹೆಸರು ಹಾಕಿ ಹುಡುಕುವುದನ್ನು ಸ್ವಲ್ಪ ದಿನ ಬಿಡು. ಅವರ ಸುತ್ತ ಇದ್ದವರನ್ನು ನೋಡು, ಮೊದಲು ಮಕ್ಕಳನ್ನು.

1860ರ ಪುಟ ಕಳಿಸಿದ್ದೀಯಲ್ಲ, ಅದನ್ನು ಇನ್ನೊಮ್ಮೆ ತೆಗಿ. ಹನ್ನೊಂದು ವರ್ಷದ ಹುಡುಗಿ ಹುಟ್ಟಿದ್ದು ಒಹಾಯೋ. ಎಂಟು ವರ್ಷದವನು ಇಂಡಿಯಾನ. ನಾಲ್ಕು ವರ್ಷದ್ದೂ ಒಂದು ವರ್ಷದ್ದೂ ಅಯೋವಾ. ಮಕ್ಕಳು ಹುಟ್ಟಿದ ಊರು ಸಾಲಾಗಿ ಇಟ್ಟರೆ ಗಾಡಿ ಬಂದ ದಾರಿ ಗೊತ್ತಾಗುತ್ತದೆ. 1849ರಲ್ಲಿ ಒಹಾಯೋದಲ್ಲಿದ್ದರು, 1852ರ ಹೊತ್ತಿಗೆ ಇಂಡಿಯಾನ, 1856ರ ಹೊತ್ತಿಗೆ ಅಯೋವಾ. ಅಯೋವಾ ರಾಜ್ಯ 1856ರಲ್ಲಿ ತನ್ನದೇ ಬೇರೆ ಗಣತಿ ಮಾಡಿತ್ತು, ಅದರಲ್ಲಿ ಒಬ್ಬೊಬ್ಬರೂ ರಾಜ್ಯಕ್ಕೆ ಬಂದು ಎಷ್ಟು ವರ್ಷವಾಯಿತು ಅನ್ನುವ ಅಂಕಣ ಇದೆ. ಅದು ಸಿಕ್ಕರೆ ದಾರಿ ಖಚಿತವಾಗುತ್ತದೆ. ಆಮೇಲೆ 1850ಕ್ಕೆ ಹೋಗು. ಒಹಾಯೋದ ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) ಈ ಗಂಡ ಹೆಂಡತಿ ಒಂದು ವರ್ಷದ ಮಗಳ ಜೊತೆ ಇದ್ದಾರೆ, ಅದು ಗೊತ್ತಾಗಬೇಕು. ಯಾಕೆಂದರೆ ಮದುವೆ ಪುಸ್ತಕ ಇರುವುದು ಕೌಂಟಿಯಲ್ಲಿ, ಮದುವೆ ಆಗುತ್ತಿದ್ದದ್ದು ಹೆಚ್ಚಾಗಿ ಹುಡುಗಿಯ ಊರಿನಲ್ಲಿ, ಮತ್ತು ಅವರ ಹೆಸರನ್ನು ತವರಿನ ಹೆಸರಿನ ಜೊತೆ ಬರೆದಿರುವ ಪುಸ್ತಕ ಅದೇ. ಆ ಕೌಂಟಿಯಲ್ಲಿ ಸಿಗದಿದ್ದರೆ ಸುತ್ತಲಿನ ಕೌಂಟಿಗಳನ್ನು ನೋಡು. ಫ್ಯಾಮಿಲಿಸರ್ಚ್ ಅನ್ನುವ ವೆಬ್‌ಸೈಟ್‌ನಲ್ಲಿ ದುಡ್ಡು ಕೊಡದೆ ಇಂಥ ಪುಸ್ತಕ ಎಷ್ಟೋ ನೋಡಬಹುದು. ಇಂಡೆಕ್ಸ್‌ನಲ್ಲಿ ಹೆಸರು ಇಲ್ಲ ಅಂತ ಸುಮ್ನೆ ಬಿಡಬೇಡ. ಹಳೆಯ ಬರವಣಿಗೆಯಲ್ಲಿ ಎರಡು ಎಸ್ ಒಟ್ಟಿಗೆ ಬಂದರೆ ಮೊದಲನೆಯದು ಎಫ್ ಹಾಗೆ ಕಾಣುತ್ತದೆ, ಇಂಡೆಕ್ಸ್ ಮಾಡಿದವರು ಹಾಗೇ ಬರೆದುಕೊಂಡಿರುತ್ತಾರೆ. ಕರೆಯುವ ಹೆಸರಿನದೂ ಅದೇ ಕಷ್ಟ. ಮೇರಿ ಪಾಲಿ ಆಗುತ್ತಾಳೆ, ಮಾರ್ಗರೆಟ್ ಪೆಗ್ಗಿ, ಸಾರಾ ಸ್ಯಾಲಿ, ಮಾರ್ಥಾ ಪ್ಯಾಟ್ಸಿ.

ಅದೇ 1860ರ ಪುಟದಲ್ಲಿ, ಮಕ್ಕಳೆಲ್ಲ ಮುಗಿದ ಮೇಲೆ ಕೊನೆಯ ಸಾಲು ನೋಡಿದೆಯಾ? 62 ವರ್ಷದ ಒಬ್ಬ ಮುದುಕಿ, ಬೇರೆ ಮನೆತನದ ಹೆಸರು. ನಿನ್ನ ಪತ್ರದಲ್ಲಿ ಅವರ ಮಾತೇ ಇಲ್ಲ. ನನ್ನ ಎದೆ ಹೊಡೆದುಕೊಂಡಿದ್ದು ಆ ಸಾಲು ಕಂಡಾಗ. ಅವರು ಅಜ್ಜಿಯ ತಾಯಿ ಇರಬಹುದು. ಆದರೆ ಇರಬಹುದು ಅಷ್ಟೇ ಮರಿ, ಅವಸರ ಬೇಡ. ಮನೆಯ ಯಜಮಾನನಿಗೆ ಯಾರು ಏನಾಗಬೇಕು ಅಂತ ಬರೆಯುವ ಅಂಕಣ ಬಂದಿದ್ದು 1880ರಲ್ಲಿ. 1860ರಲ್ಲಿ ಅದಿಲ್ಲ. ಆಕೆ ಅಜ್ಜಿಯ ಸೋದರತ್ತೆ ಇರಬಹುದು, ಮನೆಯಲ್ಲಿ ಊಟ ವಸತಿಗೆ ಇದ್ದ ಯಾವುದೋ ವಿಧವೆ ಇರಬಹುದು. ತಾಯಿಯೇ ಆಗಿದ್ದರೂ ಎರಡನೇ ಮದುವೆ ಆಗಿದ್ದರೆ ಆ ಮನೆತನದ ಹೆಸರು ಅಜ್ಜಿಯದ್ದಲ್ಲ. ಆ ಹೆಸರನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೋ, ಒಹಾಯೋದ ಮದುವೆ ಪುಸ್ತಕದಲ್ಲೂ 1850ರ ಪುಟದ ಅಕ್ಕಪಕ್ಕದ ಮನೆಗಳಲ್ಲೂ ಅದೇ ಹೆಸರು ಬರುತ್ತದಾ ನೋಡು. ಆ ಕಾಲದಲ್ಲಿ ಜನ ಒಂಟಿಯಾಗಿ ಹೊರಡುತ್ತಿದ್ದದ್ದು ಕಡಿಮೆ, ಅಣ್ಣತಮ್ಮ, ಭಾವಮೈದುನ ಎಲ್ಲ ಒಬ್ಬರ ಹಿಂದೆ ಒಬ್ಬರು ಬಂದು ಹತ್ತಿರ ಹತ್ತಿರ ಜಮೀನು ಹಿಡಿಯುತ್ತಿದ್ದರು. ಹಿಂದಿನ ನಾಲ್ಕು ಪುಟ, ಮುಂದಿನ ನಾಲ್ಕು ಪುಟ ಓದದೆ ಒಂದು ಮನೆಯನ್ನು ಓದಿದೆ ಅನ್ನಬೇಡ.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಸೊಸೆಯ ಕಡೆಯ ಒಬ್ಬ ಅಜ್ಜಿ, 1860ರಲ್ಲಿ 31 ವರ್ಷ ಅಂತ ಇತ್ತು, 1870ರಲ್ಲಿ 38. ಮೂರು ವರ್ಷ ಹೆಚ್ಚುಕಡಿಮೆ ಆಗುವುದು ಆ ಕಾಲಕ್ಕೆ ಸಹಜ, ಗಣತಿಯವನು ಬಂದಾಗ ಬಾಗಿಲಲ್ಲಿ ಯಾರಿದ್ದರೋ ಅವರು ಬಾಯಿಗೆ ಬಂದ ವಯಸ್ಸು ಹೇಳುತ್ತಿದ್ದರು ಅಂದುಕೊಂಡು ಮುಂದೆ ಹೋದೆ. ಎರಡು ವರ್ಷ ಅವಳ ಅಪ್ಪ ಅಮ್ಮನನ್ನು ಹುಡುಕಿದೆ, ಸಿಕ್ಕರು ಅಂತ ಎಲ್ಲರಿಗೂ ಕಳಿಸಿದೆ. ಆಮೇಲೆ 1900ರ ಪುಟ ಸರಿಯಾಗಿ ಓದಿದೆ. ಆ ವರ್ಷ ಹುಟ್ಟಿದ ತಿಂಗಳು, ವರ್ಷ ಕೇಳಿದ್ದಾರೆ, ಮದುವೆಯಾಗಿ ಎಷ್ಟು ವರ್ಷ ಅಂತ ಕೇಳಿದ್ದಾರೆ, ಹೆಂಗಸರಿಗೆ ಎಷ್ಟು ಮಕ್ಕಳನ್ನು ಹೆತ್ತಿರಿ, ಎಷ್ಟು ಜನ ಬದುಕಿದ್ದಾರೆ ಅಂತಲೂ ಕೇಳಿದ್ದಾರೆ. ಮದುವೆಯಾಗಿ 32 ವರ್ಷ, ಹೆತ್ತಿದ್ದು ಮೂರು, ಇರುವುದು ಮೂರು. ಮನೆಯಲ್ಲಿ ಬೆಳೆದ ಮಕ್ಕಳು ಏಳು! ಅಂದರೆ ಈಕೆ 1868ರಲ್ಲಿ ಬಂದ ಎರಡನೇ ಹೆಂಡತಿ. ಸೊಸೆಯ ನಿಜವಾದ ಅಜ್ಜಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ನಾನು ಅವಳನ್ನು ದಾಟಿಕೊಂಡು ಬಂದುಬಿಟ್ಟಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಲ್ಕು ಮಕ್ಕಳನ್ನು ಹೆತ್ತು ಸತ್ತವಳನ್ನು ನಾನೇ ಇನ್ನೊಮ್ಮೆ ಅಳಿಸಿದ ಹಾಗೆ ಅನ್ನಿಸಿತು. ಅದಕ್ಕೇ ನಿನಗೆ ಇಷ್ಟು ಒತ್ತಿ ಹೇಳುತ್ತಿರುವುದು.

ಇನ್ನು ನಿನ್ನ ಮುಖ್ಯ ಪ್ರಶ್ನೆ. 1870ರಲ್ಲಿ ಅಜ್ಜಿಯೇ ಮನೆಯ ಯಜಮಾನಿ, ಜೊತೆಯಲ್ಲಿ ಮಕ್ಕಳು, ಎಂಟು ವರ್ಷದ ಕೊನೆಯ ಹುಡುಗನೂ ಇದ್ದಾನೆ. ಅದಾದ ಮೇಲೆ ಅವರು ಎಲ್ಲೂ ಇಲ್ಲ, ಸತ್ತಿರಬೇಕು ಅಂತ ಬರೆದಿದ್ದೀಯ. ನನಗೆ ಹಾಗೆ ಅನ್ನಿಸುವುದಿಲ್ಲ. 41 ವರ್ಷದ ವಿಧವೆ, ಜಮೀನು, ಸಣ್ಣ ಮಕ್ಕಳು. ಇನ್ನೊಂದು ಮದುವೆ ಆಗಿರಬಹುದು, ಆಗಿದ್ದರೆ ಮನೆತನದ ಹೆಸರು ಮತ್ತೆ ಬದಲಾಗಿದೆ. ನೀನು ಹಳೆಯ ಹೆಸರಲ್ಲಿ ಹುಡುಕಿದರೆ ಹೇಗೆ ಸಿಗುತ್ತಾರೆ? 1880ರಲ್ಲಿ ಆ ಕೊನೆಯ ಹುಡುಗನನ್ನು ಹುಡುಕು. ಹದಿನೆಂಟು ವರ್ಷ, ಇನ್ನೂ ಮನೆಯಲ್ಲೇ ಇದ್ದಿರಬಹುದು. ಯಾವುದೋ ಗೊತ್ತಿಲ್ಲದ ಯಜಮಾನನ ಮನೆಯಲ್ಲಿ 'ಮಲಮಗ' ಅಂತ ಅವನು ಕಂಡರೆ, ಆ ಯಜಮಾನನ ಕೆಳಗಿನ ಸಾಲಿನಲ್ಲಿರುವ ಹೆಂಡತಿಯೇ ಅಯೋವಾ ಅಜ್ಜಿ. 1880ರಲ್ಲಿ ಅಪ್ಪ ಅಮ್ಮ ಹುಟ್ಟಿದ ರಾಜ್ಯವನ್ನೂ ಕೇಳಿದ್ದಾರೆ, ಅದು ಒಹಾಯೋ ಹುಡುಕಾಟಕ್ಕೆ ಬೇಕಾಗುತ್ತದೆ.

1890ರ ಸೆನ್ಸಸ್ ಮಾತ್ರ ಕೇಳಬೇಡ. 1921ರ ಜನವರಿಯಲ್ಲಿ ವಾಷಿಂಗ್ಟನ್‌ನ ವಾಣಿಜ್ಯ ಇಲಾಖೆಯ ಕಟ್ಟಡದಲ್ಲಿ ಬೆಂಕಿ ಬಿದ್ದು ಹಾಳಾಯಿತು. ಸುಟ್ಟು ನೆನೆದು ಉಳಿದದ್ದನ್ನೂ ಆಮೇಲೆ ನಾಶ ಮಾಡಿದರು. ಆರು ಕೋಟಿಗೂ ಹೆಚ್ಚು ಜನರಲ್ಲಿ ಉಳಿದಿರುವುದು ಸುಮಾರು ಆರು ಸಾವಿರ ಹೆಸರು. ಆ ಇಪ್ಪತ್ತು ವರ್ಷದ ಹಳ್ಳ ದಾಟಲು ಅಯೋವಾದಲ್ಲಿ 1885 ಮತ್ತು 1895ರ ರಾಜ್ಯ ಗಣತಿ ಇದೆ. ಒಹಾಯೋದವರಿಗೆ ಅದೂ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಭರವಸೆ ಇರುವ ಜಾಗ ಹೇಳುತ್ತೇನೆ. ಅಯೋವಾದ 1925ರ ರಾಜ್ಯ ಗಣತಿ. ಅದರಲ್ಲಿ ಒಬ್ಬೊಬ್ಬರ ಅಪ್ಪನ ಹೆಸರು, ಅಮ್ಮನ ಹೆಸರು, ಅಮ್ಮನ ತವರಿನ ಹೆಸರು ಕೇಳಿದ್ದಾರೆ! ಅಪ್ಪ ಅಮ್ಮನ ಮದುವೆ ಎಲ್ಲಾಯಿತು ಅಂತಲೂ ಕೇಳಿದ್ದಾರೆ. ಕೊನೆಯ ಮಗ 1930ರ ನಂತರ ಅಯೋವಾದಲ್ಲೇ ತೀರಿಕೊಂಡ ಅಂತ ನಿಮ್ಮತ್ತೆ ಹೇಳಿದ್ದು ನಿಜವಾದರೆ, 1925ರಲ್ಲಿ ಅವನಿಗೆ 63 ವರ್ಷ, ಮತ್ತು ಅವನ ಸಾಲಿನಲ್ಲಿ ಅವನ ಅಮ್ಮನ ತವರು ಇದೆ. ಇವತ್ತೇ ಹುಡುಕು. ಸಿಕ್ಕ ಮೇಲೂ ಒಂದು ಕೆಲಸ ಉಳಿಯುತ್ತದೆ. ಅವನು ಹುಟ್ಟಿದ ವರ್ಷವೇ ಅಪ್ಪ ಯುದ್ಧಕ್ಕೆ ಹೋಗಿದ್ದು, ಅಪ್ಪ ಅಮ್ಮನ ಮದುವೆಯ ವಿಷಯ ಅವನಿಗೆ ಕೇಳಿ ಗೊತ್ತು ಅಷ್ಟೇ. ಬದುಕಿದ್ದ ಅಕ್ಕನೋ ಅಣ್ಣನೋ ಅದೇ ಗಣತಿಯಲ್ಲಿ ಬೇರೆ ಮನೆಯಲ್ಲಿ ಸಿಕ್ಕರೆ ಅವರ ಉತ್ತರವನ್ನೂ ಪಕ್ಕದಲ್ಲಿಟ್ಟು ನೋಡು. ಇಬ್ಬರೂ ಒಂದೇ ಹೆಸರು ಹೇಳಿದ್ದರೆ ನಾನು ನಂಬುತ್ತೇನೆ.

ಇನ್ನೊಂದು, ವಿಧವೆಯರ ಪಿಂಚಣಿ. 1862ರ ಕಾಯ್ದೆ ಪ್ರಕಾರ ಯುದ್ಧದಲ್ಲಿ ಸತ್ತ ಸಾಮಾನ್ಯ ಸೈನಿಕನ ಹೆಂಡತಿಗೆ ತಿಂಗಳಿಗೆ 8 ಡಾಲರ್ ಸಿಗುತ್ತಿತ್ತು. ಅದಕ್ಕೆ ಮದುವೆ ಎಲ್ಲಿ, ಯಾವಾಗ ಆಯಿತು, ಮಕ್ಕಳು ಯಾವಾಗ ಹುಟ್ಟಿದರು ಅಂತ ಸಾಕ್ಷಿ ಕೊಡಬೇಕಿತ್ತು. ಕೆಲವರು ಮನೆಯ ಬೈಬಲ್‌ನ ಪುಟವನ್ನೇ ಹರಿದು ಕಳಿಸಿದ್ದಾರೆ. ಮರುಮದುವೆಯಾದರೆ ಅವರ ಪಿಂಚಣಿ ನಿಲ್ಲುತ್ತಿತ್ತು, ಆಗ ಹದಿನಾರು ವರ್ಷದೊಳಗಿನ ಮಕ್ಕಳ ಹೆಸರಲ್ಲಿ ಅರ್ಜಿ ಹೋಗುತ್ತಿತ್ತು. ಆ ಫೈಲ್ ಅಮೆರಿಕ ಸರ್ಕಾರದ ಹಳೆಯ ದಾಖಲೆಗಳನ್ನು ಇಡುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಇರುತ್ತದೆ. ದುಡ್ಡು ಸ್ವಲ್ಪ ಜಾಸ್ತಿ ಆದರೂ ಪೂರ್ತಿ ಫೈಲ್ ತರಿಸು, ನಾನು ಕೊಡುತ್ತೇನೆ. ಸೆನ್ಸಸ್‌ನಲ್ಲಿ ಅವರ ಬಗ್ಗೆ ಒಂದು ಸಾಲು ಇದ್ದರೆ ಅಲ್ಲಿ ಅವರ ಮಾತೇ ಇರುತ್ತದೆ, ಪಕ್ಕದ ಮನೆಯವರು, ಹೆರಿಗೆ ಮಾಡಿಸಿದವರು ಬಂದು ಹೇಳಿದ ಸಾಕ್ಷಿ ಇರುತ್ತದೆ.

ಮನೆಯ ಬೈಬಲ್ ವಿಷಯ. ಅದರಲ್ಲಿರುವುದು ಅಜ್ಜಿಯ ಕೈಬರಹ ಅಂತ ನಿಮ್ಮತ್ತೆ ನಂಬಿದ್ದಾರೆ. 1870ರ ಪುಟದಲ್ಲಿ ಅಜ್ಜಿಯ ಸಾಲಿನ ಬಲಗಡೆ ನೋಡು. 'ಬರೆಯಲು ಬರುವುದಿಲ್ಲ' ಅನ್ನುವ ಅಂಕಣದಲ್ಲಿ ಗೆರೆ ಇದೆ. ಗಣತಿಯವನು ತಪ್ಪು ಸಾಲಿಗೆ ಗೆರೆ ಹಾಕಿರಬಹುದು. ಆದರೂ ಬೈಬಲ್ ಅಚ್ಚಾದ ವರ್ಷ ನೋಡು, ಮೊದಲ ಪುಟದಲ್ಲೋ ಹೊಸ ಒಡಂಬಡಿಕೆ ಶುರುವಾಗುವ ಪುಟದಲ್ಲೋ ಇರುತ್ತದೆ. 1870ರ ನಂತರ ಅಚ್ಚಾದ ಪುಸ್ತಕದಲ್ಲಿ 1849ರ ಹುಟ್ಟು ಒಂದೇ ಶಾಯಿಯಲ್ಲಿ, ಒಂದೇ ಕೈಯಲ್ಲಿ ಬರೆದಿದ್ದರೆ ಯಾರೋ ಮಗಳು ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆದಿರಬಹುದು. ಇದನ್ನು ನಿಮ್ಮತ್ತೆಗೆ ಮೆಲ್ಲಗೆ ಹೇಳು. ಅವರು ಆ ಪುಟ ಮುಟ್ಟಿ ಅಜ್ಜಿಯನ್ನು ಮುಟ್ಟಿದ ಹಾಗೆ ಅಂದುಕೊಂಡಿದ್ದಾರೆ.

ಮಗಳಿಗೆ ಮುಂದೆ ಈ ಕತೆ ಹೇಳುವಾಗ ಒಂದು ಸೇರಿಸು. ಅಜ್ಜಿಯ ಗಾಡಿ ಬಂದು ನಿಂತ ನೆಲ ಖಾಲಿ ಇರಲಿಲ್ಲ. ಅಲ್ಲಿ ಸಾಕ್ ಮತ್ತು ಮೆಸ್ಕ್ವಾಕಿ ಅನ್ನುವ ಮೂಲನಿವಾಸಿ ಜನ ಇದ್ದರು, ಅವರನ್ನು ಹೊರಗೆ ಕಳಿಸಿದ್ದರು. ಮೆಸ್ಕ್ವಾಕಿಗಳು 1857ರಲ್ಲಿ ತಮ್ಮ ದುಡ್ಡಿನಲ್ಲೇ ಟೇಮಾ ಕೌಂಟಿಯಲ್ಲಿ 80 ಎಕರೆ ವಾಪಸ್ ಕೊಂಡುಕೊಂಡು ಈಗಲೂ ಅಲ್ಲೇ ಇದ್ದಾರೆ. ಅಜ್ಜಿಯ ಕತೆ ಅವರ ಕತೆಯ ಪಕ್ಕದಲ್ಲೇ ನಡೆದಿದ್ದು.

ಸದ್ಯಕ್ಕೆ ಇಷ್ಟು. 1925ರದ್ದು ಸಿಕ್ಕರೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು. ಬೇಸಿಗೆಯಲ್ಲಿ ನಾನು ಬಂದಾಗ ಇಂಡಿಯಾನದ ಫೋರ್ಟ್ ವೇನ್‌ಗೆ ಹೋಗೋಣ. ಅಲ್ಲಿನ ಆಲನ್ ಕೌಂಟಿ ಲೈಬ್ರರಿಯಲ್ಲಿ ವಂಶಾವಳಿ ಹುಡುಕುವವರಿಗೇ ಅಂತ ಒಂದು ದೊಡ್ಡ ವಿಭಾಗ ಇದೆ, ಒಹಾಯೋ ಕೌಂಟಿಗಳ ಪುಸ್ತಕ ಬೇಕಾದಷ್ಟಿದೆ. ಮಗುವನ್ನೂ ಕರೆದುಕೊಂಡು ಹೋಗೋಣ, ನೀವಿಬ್ಬರೂ ಓದುವಾಗ ನಾನು ಎತ್ತಿಕೊಂಡಿರುತ್ತೇನೆ. ಬರುವಾಗ ಆ 62 ವರ್ಷದ ಮುದುಕಿಯ ಹೆಸರು ಬರೆದ ಕಾಗದ ಮರೆಯದೆ ತಾ.

ನಿನ್ನ ದೊಡ್ಡಮ್ಮ