ಹಪ್ಪಳದ ಕಟ್ಟಿಗೆ ಇನ್ನು ಪಿನ್ ಇಲ್ಲ

ಮಾನ್ಯ ಗ್ರಾಹಕರೇ,

ಈ ಸಲದ ಹಲಸಿನ ಹಪ್ಪಳದ ಕಟ್ಟಿಗೆ ನಮ್ಮ ಸಂಘ ಸ್ಟೇಪ್ಲರ್ ಪಿನ್ ಹೊಡೆದಿಲ್ಲ. ಲೇಬಲನ್ನು ಕವರಿನೊಳಗೇ ಇಟ್ಟು ಬಾಯಿಯನ್ನು ಬಿಸಿಯಿಂದ ಅಂಟಿಸಿದ್ದೇವೆ. ಒಳಗೆ ಮೊದಲಿನಂತೆ 25 ಹಪ್ಪಳ, ಬೆಲೆಯೂ ಮೊದಲಿನದೇ.

ಕಟ್ಟು ಬಿಡಿಸುವಾಗ ಹಾರಿದ ಪಿನ್ ಅಂಗಳದ ಹುಲ್ಲಿಗೋ ಕಲಗಚ್ಚಿನ ಬಾಲ್ದಿಗೋ ಬೀಳುತ್ತದೆ. ದನ ಮೊದಲು ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ನುಂಗಿದ ಕಬ್ಬಿಣ ಜೇನುಗೂಡಿನಂಥ ಒಳಮೈಯ ಎರಡನೇ ಹೊಟ್ಟೆಯಲ್ಲಿ ಕೂರುತ್ತದೆ. ಅದಕ್ಕೂ ಹೃದಯಕ್ಕೂ ನಡುವೆ ಇರುವುದು ವಪೆ ಎಂಬ ತೆಳುವಾದ ಪರದೆ. ಮೊಳೆ, ತಂತಿಗಳಷ್ಟು ಅಪಾಯ ಸಣ್ಣ ಪಿನ್ನಿನಿಂದ ಇಲ್ಲ, ನಿಜ. ಆದರೆ ಪ್ಲಾಸ್ಟಿಕ್ ವಿಂಗಡಿಸುವವರ ಬೆರಳಿಗೆ ಅದು ಸಾಕಷ್ಟು ಚೂಪು.

ಹೊಸ ಕ್ರಮದಲ್ಲೂ ತೊಡಕಿದೆ. ಹಪ್ಪಳ ಒತ್ತುವಾಗ ಅಂಟದಿರಲಿ ಎಂದು ತೆಂಗಿನೆಣ್ಣೆ ಸವರುತ್ತೇವೆ. ಆ ಜಿಡ್ಡು ಕವರಿನ ಬಾಯಿಗೆ ತಾಗಿದರೆ ಅಂಟು ಹಿಡಿಯುವುದಿಲ್ಲ. ಅದಕ್ಕೇ ಕವರನ್ನು ಒಂದು ಇಂಚು ಉದ್ದ ಮಾಡಿಸಿ, ಬಾಯಿಯನ್ನು ಒಣಬಟ್ಟೆಯಲ್ಲಿ ಒರೆಸಿ ಮುಚ್ಚುತ್ತೇವೆ. ಕಾವು ಹೆಚ್ಚಾದರೆ ಅಂಚು ಕರಗಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಆಟಿ ತಿಂಗಳ ಮಳೆಯ ತಂಡಿಗೆ ಹಪ್ಪಳ ಮೆತ್ತಗಾಗಲು ಅಷ್ಟು ಸಾಕು. ಕೊಳ್ಳುವಾಗ ಕಟ್ಟನ್ನು ಮೆಲ್ಲಗೆ ಅಮುಕಿ ನೋಡಿ. ಗಾಳಿ ಹೊರಬಂದರೆ ಬದಲಾಯಿಸಿ ಕೊಡುತ್ತೇವೆ.

ಕತ್ತರಿಯಿಂದ ಕೊಯ್ಯುವಾಗ ತುದಿಯನ್ನು ಪೂರ್ತಿ ತುಂಡು ಮಾಡಬೇಡಿ, ಬೆರಳಗಲ ಬಿಡಿ. ಉಗುರಿನಷ್ಟು ಚೂರು ಮಣ್ಣಿಗೆ ಬಿದ್ದರೆ ಮತ್ತೆ ಹೆಕ್ಕುವವರಿಲ್ಲ. ಖಾಲಿ ಕವರನ್ನು ಮಗುಚಿ, ಸೋಪುನೀರಲ್ಲಿ ಜಾಲಾಡಿಸಿ, ಹಗ್ಗದ ಮೇಲೆ ಒಣಗಿಸಿಯೇ ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುವ ನಮ್ಮ ಕೇರಳದ ಹರಿತಕರ್ಮಸೇನೆಯವರ ಕೈಗೆ ಕೊಡಿ. ಒಂದು ಜಿಡ್ಡು ಕವರು ಸೇರಿದರೆ ಗೋಣಿಯಿಡೀ ನಾತ, ಇರುವೆ. ಆ ಗೋಣಿಗೆ ಕೈ ಹಾಕುವವರು ನಿಮ್ಮ ಮನೆಬಾಗಿಲಿಗೆ ಬಂದವರೇ ಆಗಿರಬೇಕೆಂದಿಲ್ಲ.

ನಮ್ಮ ಮಿಡಿ ಉಪ್ಪಿನಕಾಯಿಯ ಬಾಟಲಿ ಒಡೆದರೆ ಚೂರುಗಳನ್ನು ಮೂರು ಪದರ ಪತ್ರಿಕೆಯಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯಲ್ಲಿಡಿ. ಪ್ಲಾಸ್ಟಿಕ್ ಚೀಲ ಬೇಡ, ಗಾಜು ಅದನ್ನು ಸೀಳಿ ಹೊರಬರುತ್ತದೆ. ಮೇಲೆ ದಪ್ಪಕ್ಷರದಲ್ಲಿ ‘ಗಾಜಿನ ಚೂರು’ ಎಂದು ಬರೆಯಿರಿ, ಕೆಳಗೆ ಮಲಯಾಳದಲ್ಲಿ ‘ಕುಪ್ಪಿಚ್ಚಿಲ್ಲ್’ ಎಂದೂ ಇರಲಿ. ಪೆಟ್ಟಿಗೆ ಎತ್ತುವವರು ಯಾವ ಭಾಷೆ ಓದುತ್ತಾರೋ! ಎರಡೂ ಓದಲು ಬಾರದವರಿಗಾಗಿ ಒಂದು ಕೆಂಪು ಬಟ್ಟೆಚೂರು ಕಟ್ಟಿ.

ಅಂಗಡಿಗಳಲ್ಲಿ ಹಳೆಯ ಕಟ್ಟುಗಳು ಇನ್ನೂ ಸ್ವಲ್ಪ ಉಳಿದಿವೆ. ಒಂದೊಂದರಲ್ಲೂ ಎರಡು ಪಿನ್ ಇರುತ್ತವೆ. ಬಾಯಿ ಹರಿಯದೆ, ಪಿನ್ನಿನ ಮಡಚಿದ ಕಾಲುಗಳನ್ನು ಚಾಕುವಿನ ತುದಿಯಿಂದ ನೆಟ್ಟಗೆ ಮಾಡಿ ಎಳೆಯಿರಿ. ಎರಡೂ ಸಿಕ್ಕವೇ ಎಂದು ಎಣಿಸಿ, ಬೆಂಕಿಪೆಟ್ಟಿಗೆಗೆ ಹಾಕಿಡಿ. ಮುಂದಿನ ಸಲ ಬರುವಾಗ ನಮಗೇ ತಂದುಕೊಡಿ.

ಇತಿ,
ಸಂಘದ ಕೆಲಸಗಾರರು